ಸದರಿಯವರು

ಗಾಜಿನ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪು ಹೊಡೆದ ಆ ಮನುಷ್ಯನನ್ನು ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಕರೆಯುತ್ತಿದ್ದುದು ‘ಸದರಿ ಸಾಹೇಬ್ರು’ ಅಂತ. ಸಾಹೇಬಗಿರಿ ಏನೂ ಇರಲಿಲ್ಲ, ಪಾಪ. ಮಹಡಿ ಮೆಟ್ಟಿಲಿನ ಕೆಳಗೊಂದು ಇಕ್ಕಟ್ಟಾದ ಕೋಣೆ, ಗಿಡ್ಡ ಕಾಲಿಗೆ ಕಾಗದ ಮಡಿಸಿ ಒತ್ತು ಕೊಟ್ಟ ಮೇಜು, ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಕಾರ್ಖಾನೆಯಲ್ಲಿ ಯಾರಿಗೆ ಯಾರ ಜೊತೆ ಜಟಾಪಟಿಯಾದರೂ ಇಬ್ಬರೂ ಕಡೆಗೆ ಬಂದು ಕೂರುತ್ತಿದ್ದುದು ಅವರ ಎದುರಿಗೆ. ಬಂದವರು ಬಾಯಲ್ಲಿ ಹೇಳಬೇಕು, ಸಾಹೇಬರು ಟೈಪು ಮಾಡಿ ಓದಬೇಕು, ಹೇಳಿದವರು ರುಜು ಹಾಕಬೇಕು. ಅದರ ಕೆಳಗೆ ಸಾಹೇಬರದೇ ಒಂದು ಸಾಲು, ಅವರದೇ ರುಜು: ‘ಹೇಳಿದಂತೆಯೇ ಬರೆದುಕೊಂಡು ಓದಿ ತಿಳಿಸಲಾಗಿದೆ.’

ಹೇಳಿದಂತೆಯೇ ಅಂತೆ! ನಗಬೇಕೋ ಅಳಬೇಕೋ. ಕುಲುಮೆಯ ಮೇಸ್ತ್ರಿ ಬಂದು “ಆ ಮುಸುಡಿಗೆ ರಜಾ ಬೇರೆ ಕೇಡು” ಅಂದರೆ, ಕಾಗದದ ಮೇಲೆ ‘ಸದರಿಯವರ ರಜೆಯ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಾಗಲಿಲ್ಲ’ ಎಂದು ಬರುತ್ತಿತ್ತು. “ಇವನು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇದೆ” ಅಂದರೆ, ‘ಸದರಿಯವರ ಕೆಲಸವು ನಿರೀಕ್ಷಿತ ಮಟ್ಟದಲ್ಲಿಲ್ಲ.’ “ಯಾವ ಸೀಮೆ ಫಿಟ್ಟರೋ ನೀನು” ಎಂದು ಕೂಗಿದ್ದು ‘ಸದರಿಯವರ ತರಬೇತಿಯ ಬಗ್ಗೆ ವಿಚಾರಿಸಲಾಯಿತು’ ಎಂದಾಗುತ್ತಿತ್ತು. ಕೈಸನ್ನೆ ಬಾಯಿಸನ್ನೆಗಳ ಕಥೆಯನ್ನಂತೂ ಕೇಳಲೇಬೇಡಿ. ಒಬ್ಬ ಮೂಗು ಮುರಿಯುತ್ತಾನೆ, ಒಬ್ಬ ತುಟಿ ಕೊಂಕಿಸುತ್ತಾನೆ, ಒಬ್ಬಳು ಮೂತಿ ತಿರುವುತ್ತಾಳೆ, ಇನ್ನೊಬ್ಬ ಏನೂ ಅನ್ನದೆ ನೆಲ ನೋಡಿಕೊಂಡು ‘ಥೂ’ ಅನ್ನುತ್ತಾನೆ. ಅವಕ್ಕೆಲ್ಲ ಕೀಲಿಮಣೆಯಲ್ಲಿ ಗುಂಡಿ ಎಲ್ಲಿದೆ? ಸಾಹೇಬರು ಅವನ್ನು ಬಿಟ್ಟೇ ಬಿಡುತ್ತಿದ್ದರು.

ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದ ಅಂದರೆ ಅವರಿಗೆ ಒಗೆದ ಬಟ್ಟೆಯ ಹಾಗೆ. ಬೀದಿಯ ಕೆಸರನ್ನು ಅದರ ಮೇಲೆ ಯಾಕೆ ತರಬೇಕು, ನಾಳೆ ಯಾರಾದರೂ ಓದಿದರೆ ಇಬ್ಬರಿಗೂ ಮರ್ಯಾದೆ ಉಳಿಯಲಿ ಅನ್ನುವ ಮನಸ್ಸು. ಓದಿ ಹೇಳುವಾಗ ಬೈದವನೂ ತಲೆದೂಗುತ್ತಿದ್ದ, ಬೈಸಿಕೊಂಡವನೂ ಬಾಯಿ ಮುಚ್ಚಿಕೊಂಡು ರುಜು ಹಾಕುತ್ತಿದ್ದ. ಇಷ್ಟು ವರ್ಷದಲ್ಲಿ ಒಬ್ಬರೂ ‘ಇದು ನಾನಾಡಿದ ಮಾತಲ್ಲ’ ಎಂದು ತಕರಾರು ತೆಗೆದಿರಲಿಲ್ಲ.

ಇನ್ನು ತಪಾಸಣೆಯಾಕೆಯ ವಿಷಯ. ಔಷಧಿ ಬಾಟಲಿಗಳು ಕುಲುಮೆಯಿಂದ ತಣಿದು ಬಂದ ಮೇಲೆ ಬಿಳಿ ದೀಪದ ಹಲಗೆಯ ಮುಂದೆ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡುವ ಕೆಲಸ ಆಕೆಯದು. ಗುಳ್ಳೆ ಇದ್ದರೆ, ಕೂದಲೆಳೆಯ ಬಿರುಕಿದ್ದರೆ ಎಡಗಡೆಯ ಟ್ರೇಗೆ, ಚೆನ್ನಾಗಿದ್ದರೆ ಬಲಗಡೆಗೆ. ಹದಿನೇಳು ವರ್ಷದಿಂದ ಅದೇ ಸ್ಟೂಲು, ಅದೇ ದೀಪ. ಹಾಗೆ ನೋಡೀ ನೋಡೀ ಆಕೆಗೆ ಎದುರಿಗೆ ಬಂದವರನ್ನೂ ಒಂದು ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸವಾಗಿತ್ತು.

ಒಂದು ದಿನ ಬಿರುಕು ಬಿಟ್ಟ ಬಾಟಲಿಗಳ ಒಂದು ಪೆಟ್ಟಿಗೆ ಗಿರಾಕಿಯಿಂದ ವಾಪಸು ಬಂತು. ಆ ವಿಭಾಗದ ಸೂಪರ್‌ವೈಸರ್ ಮೈಮೇಲೆ ಬಂದವನ ಹಾಗೆ ತಪಾಸಣೆಯ ಸಾಲಿಗೆ ಬಂದ. ಪೆಟ್ಟಿಗೆಯ ಚೀಟಿಯಲ್ಲಿದ್ದುದು ಬೇರೆ ಪಾಳಿಯ ಗುರುತು. ಆಕೆ ಅದನ್ನು ತೋರಿಸಲು ಹೋದಳು. ಅವನು ಆಕೆಯ ಮುಖವನ್ನೂ ನೋಡಲಿಲ್ಲ, ಚೀಟಿಯನ್ನೂ ನೋಡಲಿಲ್ಲ. ಟ್ರಾಲಿ ತಳ್ಳುವವನ ಕಡೆ ತಿರುಗಿ, ಆಕೆ ಕೂತಿದ್ದ ಸ್ಟೂಲನ್ನು ಬೂಟಿನ ತುದಿಯಿಂದ ತಳ್ಳಿ, “ಏಯ್, ಅದನ್ನ ಎತ್ತಿ ಆಚೆ ಹಾಕೋ” ಅಂದ. ಆಕೆ ಎದ್ದು ನಿಂತು ಎಡಗಡೆಯ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಾಲ ಬುಡಕ್ಕೆ ಅಪ್ಪಳಿಸಿದಳು. ಗಾಜು ಸಿಡಿದು ಅವನ ಮೊಣಕಾಲ ಕೆಳಗೆ ಕೊಯ್ಯಿತು, ಆರು ಹೊಲಿಗೆ ಬಿದ್ದವು. ಆಕೆಯನ್ನು ಅವತ್ತೇ ಮನೆಗೆ ಕಳಿಸಿದರು.

ಸಂಜೆ ಸೂಪರ್‌ವೈಸರ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಸದರಿ ಸಾಹೇಬರ ಕೋಣೆಗೆ ಬಂದು ಕೂತ. ಕೋಪ ಇನ್ನೂ ಇಳಿದಿರಲಿಲ್ಲ.

“ಬರ್ಕೊಳ್ಳಿ. ಅದಕ್ಕೆ ಕಣ್ಣೂ ಕಾಣಲ್ಲ, ಕಿವೀನೂ ಕೇಳಲ್ಲ. ಹದಿನೇಳು ವರ್ಷ ಅದನ್ನ ಸಾಕಿದ್ದೇ ಹೆಚ್ಚು. ಏನೋ ಒಂದು ಮಾತು ಅಂದೆ ಅಂತ ಅದು ಟ್ರೇ ಎತ್ತಿ ಎಸೀತು. ಅದು ಇನ್ನೊಂದು ದಿನ ಇಲ್ಲಿರಬಾರದು, ಅಷ್ಟೆ.”

ಸಾಹೇಬರ ಬೆರಳುಗಳು ತಮ್ಮ ಪಾಡಿಗೆ ತಾವು ಓಡಿದವು. ‘ಸದರಿಯವರಿಗೆ ದೃಷ್ಟಿ ಮತ್ತು ಶ್ರವಣದ ತೊಂದರೆ ಇರುವಂತೆ ಕಂಡುಬಂದಿದೆ. ಸದರಿಯವರನ್ನು ಹದಿನೇಳು ವರ್ಷಗಳಿಂದ ಸೇವೆಯಲ್ಲಿ ಮುಂದುವರಿಸಲಾಗಿದೆ. ಸದರಿಯವರು ಟ್ರೇಯನ್ನು ಎಸೆದರು.’ ಅವನು ಹೀಗೇ ಹೇಳುತ್ತಾ ಹೋದ, ಸಾಹೇಬರದು ಒಟ್ಟು ಹನ್ನೊಂದು ಸಾಲಾಯಿತು. ಓದಿ ಹೇಳಿದಾಗ ಸೂಪರ್‌ವೈಸರ್‌ಗೇ ನಗು ಬಂತು.

“ಭಲೇ ಸಾಹೇಬ್ರೇ! ನನ್ನ ಬಾಯಲ್ಲಿ ಇಷ್ಟು ಒಳ್ಳೇ ಮಾತು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ” ಎಂದು ರುಜು ಹಾಕಿದ. ಸಾಹೇಬರಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಅವರೂ ತಮ್ಮ ರುಜು ಹಾಕಿದರು.

ಮೂರು ವಾರದ ಮೇಲೆ ವಿಚಾರಣೆ, ಮೂಲೆಯಲ್ಲಿ ಬರೆದುಕೊಳ್ಳಲು ಸದರಿ ಸಾಹೇಬರು. ಹೊರಗಿನಿಂದ ಬಂದ ವಿಚಾರಣಾಧಿಕಾರಿ ವಯಸ್ಸಾದವರು, ಸಮಾಧಾನದವರು, ಕಿವಿಯ ಮೇಲೊಂದು ಪೆನ್ಸಿಲು. ಶುರುವಿನಲ್ಲೇ ವಿಷಯ ಬಿಡಿಸಿ ಹೇಳಿದರು: ಸುಮ್ಮಸುಮ್ಮನೆ ಮೇಲಿನವರ ಮೇಲೆ ಕೈ ಮಾಡಿದ್ದರೆ ಕೆಲಸದಿಂದ ವಜಾ, ಆಕೆ ಕೆರಳುವ ಹಾಗೆ ಅವಮಾನ ಮಾಡಿದ್ದು ನಿಜವಾದರೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಕೆಲಸಕ್ಕೆ ವಾಪಸು. ಅಷ್ಟೇ ಇರುವುದು, ಮಧ್ಯದ ದಾರಿ ಇಲ್ಲ.

“ಹೇಳಮ್ಮ, ಏನಾಯ್ತು?”

“ನನ್ನನ್ನ ‘ಅದನ್ನ ಎತ್ತಿ ಆಚೆ ಹಾಕು’ ಅಂದ್ರು ಸಾರ್. ಕಾಲಲ್ಲಿ ತೋರಿಸಿದ್ರು.”

ಸೂಪರ್‌ವೈಸರ್ ಮೂರು ವಾರದಲ್ಲಿ ತಣ್ಣಗಾಗಿದ್ದ, ಪಾಠವನ್ನೂ ಕಲಿತು ಬಂದಿದ್ದ. “ಸಾರ್, ನಾನು ಅಂದಿದ್ದು ಸ್ಟೂಲಿಗೆ. ಅದರ ಕಾಲು ಅಲ್ಲಾಡ್ತಿತ್ತು. ‘ಅದನ್ನ ಆಚೆ ಹಾಕು’ ಅಂದೆ. ಸ್ಟೂಲನ್ನ ಅದು ಅನ್ನದೆ ಅವರು ಅನ್ನೋಕಾಗುತ್ತಾ?”

“ಸ್ಟೂಲಿನ ಮೇಲೆ ನಾನು ಕೂತಿದ್ದೆ ಸಾರ್.”

ಟ್ರಾಲಿ ತಳ್ಳುವವನನ್ನು ಕರೆಸಿದರು. ಅವನು ತನ್ನ ಚಪ್ಪಲಿಯನ್ನೇ ನೋಡುತ್ತಾ, “ಯಾವುದನ್ನ ಅಂದ್ರೋ ನನಗೆ ಗೊತ್ತಾಗ್ಲಿಲ್ಲ ಸಾರ್” ಅಂದ. ಅವನಿಗೂ ಹೊಟ್ಟೆಪಾಡು ಇದೆ, ಅವನನ್ನು ಬೈದು ಏನು ಪ್ರಯೋಜನ.

ಅಧಿಕಾರಿ ಕಡತದಿಂದ ಸೂಪರ್‌ವೈಸರನ ಮೊದಲ ಹೇಳಿಕೆಯನ್ನು ತೆಗೆದರು. ಪೆನ್ಸಿಲಿನ ತುದಿಯಿಂದ ಒಂದೊಂದೇ ಸಾಲನ್ನು ಮುಟ್ಟುತ್ತಾ ಓದಿದರು. ಆಮೇಲೆ ಆಕೆಯ ಕಡೆ ತಿರುಗಿದರು.

“ನೋಡಮ್ಮ, ಇದು ಅವತ್ತೇ ಸಂಜೆ ಕೊಟ್ಟಿರೋ ಹೇಳಿಕೆ. ಕಾಲಿನ ಗಾಯ ಇನ್ನೂ ಹಸಿಯಾಗಿದ್ದಾಗ. ಅಂಥಾ ಹೊತ್ತಲ್ಲೂ ಇವರು ನಿಮ್ಮನ್ನ ಹನ್ನೊಂದು ಕಡೆ ‘ಸದರಿಯವರು, ಸದರಿಯವರು’ ಅಂತಾನೇ ಅಂದಿದಾರೆ. ಒಂದೇ ಒಂದು ಕಡೆ ಏಕವಚನ ಕೂಡ ಇಲ್ಲ. ಇಷ್ಟು ಮರ್ಯಾದೆ ಇರೋ ಮನುಷ್ಯ ನಿಮ್ಮನ್ನ ‘ಅದು’ ಅಂದಿರ್ತಾರಾ? ನೀವೇ ತಪ್ಪು ತಿಳ್ಕೊಂಡಿರಬಹುದಲ್ವಾ?”

ಸಾಹೇಬರ ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ತಪಾಸಣೆಯಾಕೆ ಅಧಿಕಾರಿಯನ್ನು ನೋಡಿದಳು, ಆ ಕಾಗದವನ್ನು ನೋಡಿದಳು, ಒಂದು ಕಣ್ಣು ಕಿರಿದು ಮಾಡಿ ಸೂಪರ್‌ವೈಸರನನ್ನೂ ನೋಡಿದಳು. ಅಧಿಕಾರಿ ಗಡಿಯಾರ ನೋಡಿ, ನಾಳೆ ಬೆಳಿಗ್ಗೆ ತೀರ್ಮಾನ ಬರೆಸುತ್ತೇನೆ ಎಂದು ಎದ್ದರು.

ಅವತ್ತು ಸಂಜೆ ಸಾಹೇಬರು ಮನೆಯ ಬಾಗಿಲು ತಟ್ಟುವಷ್ಟರಲ್ಲೇ ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದರು. ಮಗಳು ಕೂಸಿನ ಜೊತೆ ಬಂದಿದ್ದಳು.

“ಮೆಲ್ಲಗೆ ರೀ. ಅದು ಈಗ ತಾನೆ ಮಲಗ್ತು.”

ಸಾಹೇಬರು ಬೆಚ್ಚಿ ನಿಂತರು. ಚಪ್ಪಲಿ ಬಿಡುವುದೂ ಮರೆತುಹೋಯಿತು. “ಅದು ಅಂದ್ಯಲ್ಲ?”

“ಇನ್ನೇನನ್ನಲಿ? ಸದರಿಯವರು ಮಲಗಿದರು ಅನ್ನಲಾ?” ಹೆಂಡತಿ ನಕ್ಕರು, ಗಂಡನ ಮುಖ ನೋಡಿ ನಗು ನಿಲ್ಲಿಸಿದರು. “ಯಾಕ್ರೀ, ಮುಖ ಹೀಗಿದೆ?”

ತಟ್ಟೆಯ ಮುಂದೆ ಕೂತು ಸಾಹೇಬರು ಎಲ್ಲವನ್ನೂ ಹೇಳಿದರು. ಹೆಂಡತಿ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದರು.

“ಹತ್ತು ತಿಂಗಳ ಕೂಸಿಗೆ ಅದು ಅಂದ್ರೆ ಮುದ್ದು. ನಲವತ್ತು ದಾಟಿದ ಹೆಂಗಸಿಗೆ ಅಂದ್ರೆ ಕಾಲ ಕಸ. ಇಷ್ಟೂ ಗೊತ್ತಾಗಲ್ವಾ ನಿಮ್ಮ ಅಧಿಕಾರಿಗೆ?”

“ಅವರಿಗೆ ಗೊತ್ತಾಗುತ್ತೆ ಕಣೇ. ಕಾಗದದಲ್ಲಿ ಇಲ್ವಲ್ಲ.”

“ಕಾಗದದಲ್ಲಿ ಇಲ್ದೇ ಇರೋ ಹಾಗೆ ಮಾಡಿದ್ದು ಯಾರು?”

ಸಾಹೇಬರು ಕೈ ತೊಳೆಯಲು ಎದ್ದರು, ಮತ್ತೆ ಕೂತರು. “ಮರ್ಯಾದೆ ಅಂತ ತಿದ್ದಿದೆ. ಯಾವತ್ತೂ ಹಾಗೇ ತಿದ್ದೋದು.”

“ಯಾರ ಮರ್ಯಾದೆ ಉಳಿಸಿದ್ರಿ?” ಹೆಂಡತಿಯ ದನಿ ಏರಲಿಲ್ಲ, ಕೂಸು ಮಲಗಿತ್ತಲ್ಲ. “ಅವಳದಾ? ಅವನದಾ? ಅವನು ಉಗಿದ, ನೀವು ಒರೆಸಿದ್ರಿ. ಈಗ ಅವಳು ‘ನನ್ನ ಮೇಲೆ ಉಗಿದ’ ಅಂದ್ರೆ ‘ಎಲ್ಲಿ, ಒದ್ದೆಯೇ ಇಲ್ವಲ್ಲ’ ಅಂತ ಕೇಳ್ತಿದಾರೆ.”

ಹೇಳಿದಂತೆ ಬರೆದಿಲ್ಲ ಅಂತ ಈಗ ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಅವರ ಪ್ರತಿ ರುಜುವೂ ಸುಳ್ಳು ಅಂದಹಾಗೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ‘ಅಚ್ಚುಕಟ್ಟಿನ ಮನುಷ್ಯ’ ಅನ್ನುವ ಹೆಸರೊಂದನ್ನು ಬಿಟ್ಟು ಆ ಕಾರ್ಖಾನೆಯಲ್ಲಿ ಅವರು ಸಂಪಾದಿಸಿದ್ದು ಬೇರೇನೂ ಇರಲಿಲ್ಲ. ಆಕೆಗಾದರೋ ನಾಳೆ ಬೆಳಿಗ್ಗೆಯ ಒಂದೇ ಒಂದು ಸಾಲಿನಲ್ಲಿ ಹದಿನೇಳು ವರ್ಷ ಹೋಗುವುದಿತ್ತು. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಅದೇ ಕೋಣೆ, ಅದೇ ನಾಲ್ವರು. ಅಧಿಕಾರಿ ಕನ್ನಡಕ ಒರೆಸಿಕೊಂಡು ತೀರ್ಮಾನ ಹೇಳಿ ಬರೆಸಲು ಶುರು ಮಾಡಿದರು. “ಸದರಿ ನೌಕರರು ತಮಗೆ ಅವಮಾನವಾಗಿದೆ ಎಂದು ಹೇಳಿದ್ದು, ಅದಕ್ಕೆ ಆಧಾರ ಕಂಡುಬಂದಿರುವುದಿಲ್ಲ...”

ಟೈಪಿನ ಸದ್ದು ಬರಲಿಲ್ಲ. ಅಧಿಕಾರಿ ತಲೆ ಎತ್ತಿದರು. “ಯಾಕೆ, ಯಂತ್ರ ಕೆಟ್ಟಿತಾ?”

“ಇಲ್ಲ ಸಾರ್.” ಸಾಹೇಬರು ಎದ್ದು ನಿಂತಿದ್ದರು. “ಆ ಮೊದಲನೇ ಹೇಳಿಕೆ ಅವರು ಹೇಳಿದ ಹಾಗಿಲ್ಲ. ನಾನು ತಿದ್ದಿದೀನಿ. ‘ಸದರಿಯವರು’ ಅನ್ನೋದು ನನ್ನ ಮಾತು. ಅವರು ಹನ್ನೊಂದು ಸಲಾನೂ ಅಂದಿದ್ದು ‘ಅದು’ ಅಂತ.”

ಅಧಿಕಾರಿ ಪೆನ್ಸಿಲು ಕೆಳಗಿಟ್ಟರು. “ಕೆಳಗೆ ‘ಹೇಳಿದಂತೆಯೇ’ ಅಂತ ನಿಮ್ಮ ರುಜು ಇದೆಯಲ್ಲ.”

“ಇದೆ ಸಾರ್. ಅದು ಸುಳ್ಳು.”

“ಏನು ಹೇಳ್ತಿದೀರಿ ಅಂತ ಗೊತ್ತಿದೆಯಾ? ಇದೊಂದೇ ಅಲ್ಲ, ನೀವು ಬರೆದಿರೋ ಎಲ್ಲಾ ಕಡತದ ಮೇಲೂ ಅನುಮಾನ ಬರುತ್ತೆ.”

“ಬರಬೇಕು ಸಾರ್. ಎಲ್ಲದರಲ್ಲೂ ಹಾಗೇ ಬರೆದಿದೀನಿ.”

ಆಗ ಸೂಪರ್‌ವೈಸರನ ಮೂರು ವಾರದ ಪಾಠವೆಲ್ಲ ಗಾಳಿಗೆ ಹಾರಿಹೋಯಿತು. ಅವನು ಕುರ್ಚಿಯಿಂದ ಅರ್ಧ ಎದ್ದು, ಸಾಹೇಬರ ಕಡೆ ನೋಡದೆ, ಗದ್ದವನ್ನಷ್ಟೇ ಅವರತ್ತ ಎಸೆದು ಅಧಿಕಾರಿಗೆ ಹೇಳಿದ: “ಇದರ ಮಾತು ಎಲ್ಲಿ ಕೇಳ್ತೀರಿ ಸಾರ್! ಮೂಲೇಲಿ ಕೂತು ಟೈಪು ಕುಟ್ಟೋದು ಬಿಟ್ರೆ ಇದಕ್ಕೇನು ಗೊತ್ತು?”

ಹೇಳಿ ಮುಗಿಸಿದ ಮೇಲೂ ಅವನಿಗೆ ತಾನು ಅಂದದ್ದೇನೆಂದು ತಿಳಿಯಲಿಲ್ಲ. ಅಷ್ಟು ಸಲೀಸಾಗಿ ಬಂದಿತ್ತು. ಅಧಿಕಾರಿ ಮೆಲ್ಲಗೆ ಕೇಳಿದರು, “ಯಾವುದರ ಮಾತು?”

ಸೂಪರ್‌ವೈಸರ್ ಬಾಯಿ ತೆರೆದ. ಈ ಸಲ ತೋರಿಸುವುದಕ್ಕೆ ಸ್ಟೂಲೂ ಇರಲಿಲ್ಲ. ಅವನು ಕೂತುಕೊಂಡ.

ಸದರಿ ಸಾಹೇಬರ ಕಿವಿ ಕೆಂಪಾಗಿತ್ತು. ಎಷ್ಟು ಜನರ ಬಾಯಿಂದ ಎಂತೆಂಥ ಮಾತು ಅವರ ಕಿವಿಯ ಮೇಲೆ ಬಿದ್ದಿತ್ತೋ ಲೆಕ್ಕವಿಲ್ಲ. ಎಲ್ಲವೂ ಬೇರೆಯವರಿಗೆ ಅಂದದ್ದು. ತಮಗೇ ಬಿದ್ದದ್ದು ಇದೇ ಮೊದಲು. ಬೈಗುಳ ಅಂತ ಹೇಳಲು ಅದರಲ್ಲಿ ಏನಿದೆ? ಒಂದು ಪುಟಾಣಿ ಪದ, ಅಷ್ಟೆ. ಆದರೆ ಅರವತ್ತರ ಹತ್ತಿರದ ಮನುಷ್ಯನಿಗೆ ಆ ಕೋಣೆಯಲ್ಲಿ ತಾನೊಂದು ಮೇಜೋ ಕಪಾಟೋ ಆಗಿ ನಿಂತ ಹಾಗಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕೆನಿಸಿತು, ಆ ಅನಿಸಿಕೆಗೆ ಅವರೇ ಹೆದರಿದರು. ತಪಾಸಣೆಯಾಕೆ ಅವರನ್ನೇ ನೋಡುತ್ತಿದ್ದಳು.

“ಕೂತ್ಕೊಂಡು ಬರ್ಕೊಳ್ಳಿ,” ಅಂದರು ಅಧಿಕಾರಿ. “ಈಗ ಇವರು ಅಂದಿದ್ದನ್ನ. ಅಂದ ಹಾಗೇ.”

ಸಾಹೇಬರು ಕೂತರು. ಬೆರಳುಗಳು ಹಳೇ ದಾರಿ ಹಿಡಿದು ಓಡಿದವು. ಪರದೆ ನೋಡಿದರೆ ‘ಸದರಿಯವರ ಮಾತನ್ನು’ ಎಂದಿತ್ತು. ಛೇ! ಅಳಿಸಿದರು. ಎರಡನೇ ಸಲವೂ ‘ಸ’ದ ಮೇಲೇ ಬೆರಳು ಬಿತ್ತು. ಮೂರನೇ ಸಲ ಒಂದೇ ಬೆರಳಲ್ಲಿ, ಹೊಸದಾಗಿ ಕಲಿಯುವವರಂತೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: ‘ಇದರ ಮಾತು ಎಲ್ಲಿ ಕೇಳ್ತೀರಿ.’ ಆಮೇಲೆ, ಗದ್ದವನ್ನು ಹೇಗೆ ಎಸೆದನೆಂಬುದನ್ನೂ ಅಧಿಕಾರಿ ಬರೆಸಿದರು. ಆಮೇಲೆ ಮೊದಲ ಹೇಳಿಕೆಯ ಹನ್ನೊಂದೂ ಸಾಲನ್ನು ಸಾಹೇಬರು ನೆನಪಿನಿಂದ ಹೊಸದಾಗಿ ಬರೆದರು.

ಬರೆದದ್ದನ್ನು ಓದಿ ಹೇಳಬೇಕಲ್ಲ, ನಿಯಮ. ಆಕೆಯ ಎದುರಿಗೇ ನಿಂತು ಓದಿದರು. ‘ಅದಕ್ಕೆ ಕಣ್ಣೂ ಕಾಣಲ್ಲ, ಕಿವೀನೂ ಕೇಳಲ್ಲ. ಹದಿನೇಳು ವರ್ಷ ಅದನ್ನ ಸಾಕಿದ್ದೇ ಹೆಚ್ಚು.’ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೊನೆಯವರೆಗೂ ಕೇಳಿದಳು. ಓದುವುದು ಮುಗಿದ ಮೇಲೆ, “ಹೂಂ ಸಾರ್, ಇದೇ” ಅಂದಳು.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಆಕೆಗೆ ಎಚ್ಚರಿಕೆಯ ಪತ್ರ, ಸೋಮವಾರದಿಂದ ಕೆಲಸ. ಸೂಪರ್‌ವೈಸರ್‌ಗೆ ಬೇರೆ ವಿಭಾಗ. ಸದರಿ ಸಾಹೇಬರಿಗೆ ಒಂದು ಮೆಮೊ. ಇನ್ನು ಮುಂದೆ ಯಾವ ಹೇಳಿಕೆಯನ್ನೂ ಅವರು ಬರೆದುಕೊಳ್ಳುವಂತಿಲ್ಲ, ಉಗ್ರಾಣದ ಚೀಟಿಗಳನ್ನು ಟೈಪು ಮಾಡಿಕೊಂಡಿರಬೇಕು. ಆ ಮೆಮೊವನ್ನೂ ಅವರೇ ಟೈಪು ಮಾಡಬೇಕಾಯಿತು. ಒಂದಕ್ಷರವನ್ನೂ ತಿದ್ದಲಿಲ್ಲ.

ಅವರು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ತಪಾಸಣೆಯಾಕೆ ಬಾಗಿಲಲ್ಲಿ ಬಂದು ನಿಂತಳು. ಕೃತಜ್ಞತೆ ಹೇಳಲು ಬಂದಳೇನೋ ಅಂದುಕೊಂಡು ಸಾಹೇಬರು ಮುಜುಗರದಿಂದ, “ಬಾಮ್ಮ, ಕೂತ್ಕೊ. ಒಳ್ಳೇದಾಯ್ತು” ಅಂದರು. ಆಕೆ ಕೂರಲಿಲ್ಲ.

“ಎಲ್ಲಾ ಕಾಗದದಲ್ಲೂ ಹಾಗೇ ತಿದ್ದಿದೀನಿ ಅಂದ್ರಲ್ಲ ಸಾರ್. ಎಂಟು ವರ್ಷದ ಹಿಂದೆ ಪ್ಯಾಕಿಂಗ್‌ನಲ್ಲಿದ್ದ ಒಬ್ಬರನ್ನ ಕೆಲಸದಿಂದ ತೆಗೆದ್ರು. ಬಾಯಿ ಜೋರು ಮಾಡಿದ್ರು ಅಂತ. ಎಡಗೆನ್ನೆ ಮೇಲೆ ಮಚ್ಚೆ ಇತ್ತು. ಅವರ ಕಾಗದಾನೂ ನೀವೇ ಬರೆದಿದ್ದಾ?”

ಸಾಹೇಬರಿಗೆ ಮಚ್ಚೆ ನೆನಪಾಯಿತು. “ಹೌದು. ನಾನೇ.”

“ನಮ್ಮಕ್ಕ ಅದು,” ಅಂದಳು ಆಕೆ. ಅಂದು ತಾನೇ ತಡೆದು, “ನಮ್ಮಕ್ಕ ಅವಳು” ಎಂದು ತಿದ್ದಿಕೊಂಡಳು. “ಕೆಲಸ ಹೋದ ದಿನ ಮನೆಗೆ ಬಂದು ಎದೆ ಎದೆ ಬಡ್ಕೊಂಡಳು. ‘ಹೇಳಬಾರದ ಮಾತು ಅಂದ ಕಣೇ, ಅದಕ್ಕೇ ಕೂಗಾಡಿದೆ’ ಅಂದಳು. ನಾನು ಅವಳ ಕೈಲಿದ್ದ ಕಾಗದ ಕಿತ್ಕೊಂಡು ಓದಿದೆ. ‘ಮೇಲ್ವಿಚಾರಕರು ಸದರಿಯವರಿಗೆ ಸಮಾಧಾನದಿಂದ ತಿಳಿಹೇಳಿದರು’ ಅಂತಿತ್ತು. ಅವಳ ಮುಖಕ್ಕೇ ಜೋರಾಗಿ ಓದಿ ಹೇಳಿದೆ ಸಾರ್. ‘ನೋಡಿದ್ಯಾ, ಎಷ್ಟು ಮರ್ಯಾದಸ್ಥರು, ನಿನ್ನ ಕೊಬ್ಬಿಗೆ ನೀನೇ ಕೆಲಸ ಕಳ್ಕೊಂಡೆ’ ಅಂದೆ. ಅವಳು ಇನ್ನೂ ಏನೋ ಹೇಳೋಕೆ ಬಂದಳು. ‘ಹೋಗೇ, ಮಹಾ!’ ಅಂತ ಮೂತಿ ತಿರುವಿ ಒಳಗೆ ಹೋದೆ. ಅಮ್ಮನೂ ನನ್ನ ಮಾತೇ ನಂಬಿದ್ರು. ಅವತ್ತಿಂದ ಅವಳು ಯಾರ ಹತ್ರಾನೂ ಆ ವಿಷಯ ಎತ್ತಿಲ್ಲ. ಒಂದೇ ಮನೇಲಿದೀವಿ, ಎಂಟು ವರ್ಷದಿಂದ ನನಗೂ ಅವಳಿಗೂ ಮಾತಿಲ್ಲ.”

ಸಾಹೇಬರು ಕೈಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟರು.

“ಅವತ್ತು ಅವಳನ್ನ ಏನಂದಿದ್ರು ಸಾರ್? ನಿಮ್ಮೆದುರಿಗೆ ಹೇಳಿರ್ತಾರಲ್ಲ, ಅದೊಂದು ಹೇಳಿ.”

ಸಾಹೇಬರು ಕಣ್ಣು ಮುಚ್ಚಿ ನೆನೆಸಿಕೊಂಡರು. ಕೋಣೆ ನೆನಪಾಯಿತು, ಮಚ್ಚೆ ನೆನಪಾಯಿತು, ಹೆಂಗಸು ಏನನ್ನೋ ಪಟ್ಟಾಗಿ ಎರಡು ಸಲ ಹೇಳಿದ್ದು, ಎದುರಿಗೆ ಕೂತವನು ಕೈ ಒದರಿದ್ದು ನೆನಪಾಯಿತು. ಮಾತು ಮಾತ್ರ ಬರಲಿಲ್ಲ. ಎಷ್ಟು ಅಗೆದರೂ ಬಂದದ್ದು ತಾವೇ ಬರೆದ ಆ ಒಂದು ಸಾಲು: ಮೇಲ್ವಿಚಾರಕರು ಸದರಿಯವರಿಗೆ ಸಮಾಧಾನದಿಂದ ತಿಳಿಹೇಳಿದರು. ಅವರ ಕಣ್ಣಲ್ಲಿ ನೀರು ತುಂಬಿತು.

“ನೆನಪಿಲ್ಲಮ್ಮ,” ಅಂದರು. “ನಾನು ಬರೆದಿದ್ದು ಮಾತ್ರ ನೆನಪಿದೆ.”

ಆಕೆ ಬೈಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ಹಾಗಾದ್ರೆ ಅದು ಗೊತ್ತಿರೋದು ಅವಳೊಬ್ಬಳಿಗೇ,” ಅಂದಳು. “ಈಗ ಮನೆಗೆ ಹೋದರೆ ಬಾಗಿಲು ತೆಗೆಯೋದು ಅವಳೇ ಸಾರ್. ಎಂಟು ವರ್ಷ ಆದ ಮೇಲೆ ಮೊದಲನೇ ಮಾತು ಅದನ್ನೇ ಕೇಳಬೇಕು.”